ಬಹಿರಂಗವಾಗಿಯೇ ಇತ್ತಂತೆ

ಇಗ್ರಾನ್ ಊರಿನ ತೂದಾಳಿಗೆ ಆ ಸಂತೆಯ ದಿನ ಬೆಳಗಿನಿಂದಲೇ ಮೈ ಉರಿಯುತ್ತಿತ್ತು. ಉರಿಯದೆ ಇನ್ನೇನು? ಸೊಸೆ ಇಜ್ಜಾಳ ಅಂಗೈ ತುಂಬ ಕಪ್ಪು ಗಂಟುಗಳೆದ್ದು, ರೊಟ್ಟಿಗೆ ಹಿಟ್ಟು ನಾದಲೂ ಆಗುತ್ತಿರಲಿಲ್ಲ. ಎರಡು ಬಸಿರು ಹೊಟ್ಟೆಯಲ್ಲೇ ಕರಗಿಹೋಗಿದ್ದವು, ಈಗ ಮೂರನೆಯದು. ಪಟ್ಟಣದ ವೈದ್ಯೆ ಕೈ ನೋಡಿದವಳೇ, "ಯಾವ ನೀರು ಕುಡೀತೀರಿ?" ಎಂದು ಕೇಳಿದ್ದಳು. ಯಾವುದೆಂದರೆ? ಅಟ್ಲಾಸಿನ ಆ ಒಣ ಬೆಟ್ಟದಲ್ಲಿ ಅವರಿಗಿದ್ದದ್ದು ಒಂದೇ ಒರತೆ.

ನೀರಿನ ಟ್ಯಾಂಕರ್ ಕಳಿಸಿ ಎಂದು ಊರಿನ ಅಧ್ಯಕ್ಷನ ಬಳಿ ಹೋದರೆ ಆ ಪುಣ್ಯಾತ್ಮ, ಲಲ್ಲಾ ಎಂದು ಹಿರಿಯ ಹೆಂಗಸಿಗೆ ಕೊಡುವ ಮರ್ಯಾದೆ ಕೊಡುತ್ತಲೇ, ಹಲ್ಲು ಕಿರಿದಿದ್ದ. "ಕನ್ನಡಿ ಹಂಗಿದೆ ನೀರು. ಕೆಟ್ಟಿದೆ ಅನ್ನೋದಕ್ಕೆ ಪುರಾವೆ ತಗೊಂಡ್ ಬಾ ಲಲ್ಲಾ, ಆಮೇಲೆ ನೋಡಾಣ."

ಪುರಾವೆಯನ್ನು ಅವಳೇನು ಗೋಧಿಯಂತೆ ಬೆಳೆದು ತರಬೇಕಿತ್ತೇ?

ಅಂದು ಅಧ್ಯಕ್ಷನ ಕಚೇರಿಯಲ್ಲಿ ಸಭೆ. ರಾಜಧಾನಿಯಿಂದ ಬಂದ ಸ್ಕಲ್ಲಿ ಎಂಬ ಸರ್ಕಾರಿ ಭೂವಿಜ್ಞಾನಿ ಗೋಡೆಯ ಮೇಲೆ ದೊಡ್ಡ ನಕ್ಷೆ ಮೂಡಿಸಿದ್ದ. ಚಿನ್ನ ಹುಡುಕಲು ಕಂಪನಿಗಳು ಎಲ್ಲೆಲ್ಲಿ ಕೊರೆದಿದ್ದವು, ಆ ಕಲ್ಲಿನಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ ಏನೇನು ಸಿಕ್ಕಿತ್ತು, ಎಲ್ಲವೂ ಈಗ ಇಂಟರ್ನೆಟ್ಟಿನಲ್ಲಿದೆಯಂತೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದಂತೆ. ಮುಂದಿನ ಸಾಲಿನಲ್ಲಿ ಹೊಸ ಕಂಪನಿಯವರು ಬಾದಾಮಿ ಮೆಲ್ಲುತ್ತ, ಪುದೀನಾ ಚಹಾ ಹೀರುತ್ತ ತಲೆಯಾಡಿಸಿದರು. ಊರಿನವರಿಗೆ ಕುರ್ಚಿಯೂ ಇರಲಿಲ್ಲ.

ಬಾಗಿಲ ಬಳಿ ನಿಂತಿದ್ದ ತೂದಾ, ಸ್ವಾಮಿ ಎನ್ನುವಂತೆ ಸಿದಿ ಎಂದು ಮರ್ಯಾದೆಯಿಂದಲೇ ಕೇಳಿದಳು. "ಅದರಲ್ಲಿ ನಮ್ಮೂರು ಎಲ್ಲಿದೆ ಸಿದಿ?"

"ಇಲ್ಲಿ ನೋಡಿ ಲಲ್ಲಾ, ಕೆಂಪಗೆ ಕಾಣ್ತಿದೆಯಲ್ಲ, ಇದೇ."

"ಕೆಂಪು ಅಂದ್ರೆ?"

"ತುಂಬಾ ಒಳ್ಳೇದು!" ಸ್ಕಲ್ಲಿಗೆ ಉತ್ಸಾಹ ಬಂತು. "ಆರ್ಸೆನಿಕ್ ಜಾಸ್ತಿ ಇದೆ ಅಂತ. ಅದಿದ್ದ ಕಡೆ ಹತ್ತಿರದಲ್ಲೇ ಚಿನ್ನ ಇರೋ ಸಾಧ್ಯತೆ. ನಿಮ್ಮ ಒರತೆ ನೀರಲ್ಲೇ ಎಷ್ಟಿದೆ ನೋಡಿ! ಇಡೀ ಕಣಿವೇಲಿ ಇಷ್ಟು ಬೇರೆಲ್ಲೂ ಇಲ್ಲ."

"ಅದೇನದು ಆರ್ಸೆನಿಕ್? ನಮಗೆ ತಿಳಿಯೋ ಹಾಗೆ ಹೇಳಪ್ಪ."

ಸ್ಕಲ್ಲಿ ಬಾಯಿ ತೆರೆದ. ತಾನು ಏನು ಹೇಳಿದೆನೆಂಬುದು ಆಗ ಹೊಳೆದಿರಬೇಕು, ಮುಖ ಬಿಳಿಚಿಕೊಂಡಿತು.

"ಪಾಷಾಣ," ಎಂದ ಮೆಲ್ಲಗೆ. "ಇಲಿಗೆ ಇಡ್ತಾರಲ್ಲ, ಅದೇ."

ತೂದಾಳಿಗೆ ಎಲ್ಲ ನೆನಪಾಯಿತು. ಹಿಂದಿನ ಕಂಪನಿಯವರು ಒರತೆಯ ನೀರನ್ನು ಶೀಶೆಗೆ ತುಂಬಿಸಿಕೊಂಡಾಗ ಬಿಂದಿಗೆ ಬಗ್ಗಿಸಿ ಹಿಡಿದವಳು ಇವಳೇ. ಕೆಲ ತಿಂಗಳ ಮೇಲೆ, ಒಳ್ಳೆ ಸುದ್ದಿ ಬಂತೆಂದು ಅವರು ಎರಡು ಕುರಿ ಕಡಿಸಿ ಊರಿಗೆಲ್ಲ ಊಟ ಹಾಕಿದ್ದರು. ಅವರ ಒಳ್ಳೆ ಸುದ್ದಿ ಇದು! ಥೂ, ಇವರ ಬಾಯಿಗೆ ಮಣ್ಣು ಹಾಕ! ಕುಣಿದು ಕುಪ್ಪಳಿಸಿದವರಲ್ಲಿ ಒಬ್ಬನಿಗಾದರೂ, ಈ ನೀರು ಕುಡಿಯಬೇಡಿ ಎನ್ನಲು ನಾಲಿಗೆ ಹೊರಳಲಿಲ್ಲವೇ?

"ನಿಮಗೆ ಗೊತ್ತಿತ್ತಾ?"

"ಮುಚ್ಚಿಟ್ಟಿಲ್ಲ ಲಲ್ಲಾ. ಆ ಕಂಪನಿ ಬಿಟ್ಟುಹೋದ ಮೇಲೆ, ಎರಡು ವರ್ಷದಿಂದ ಬಹಿರಂಗವಾಗೇ ಇದೆ. ಯಾರು ಬೇಕಾದ್ರೂ..."

"ಬಹಿರಂಗ! ಯಾರ ಕಿವಿಗೆ ಬಿತ್ತೋ ನಿನ್ನ ಬಹಿರಂಗ? ಇಲ್ಲಿ ಕತ್ತೆ ಕಳೆದ್ರೂ ಸಂತೇಲಿ ಬರ್ರಾಹ್ ಮೂರು ಸಲ ಕೂಗಿ ಸಾರ್ತಾನೆ. ಅವನು ಕೂಗಿಲ್ಲ ಅಂದ್ರೆ ಯಾರಿಗೂ ಹೇಳಿಲ್ಲ ಅಂತಲೇ ಲೆಕ್ಕ. ನಡಿ ಸಂತೆಗೆ!"

ಅಧ್ಯಕ್ಷ ಅಡ್ಡ ಬಂದ. "ಲಲ್ಲಾ, ದಮ್ಮಯ್ಯ, ಜನ ಗಾಬರಿ ಬೀಳ್ತಾರೆ. ಅತಿಥಿಗಳು ಬೇರೆ ಇದ್ದಾರೆ."

"ಬೀಳ್ಲಿ! ನಿನ್ನ ಮನೇಲಿ ಅಂಗಡಿ ಬಾಟ್ಲಿ ನೀರು ಕುಡೀತೀರಿ. ನಿನಗ್ಯಾಕಯ್ಯ ಗಾಬರಿ? ಪುರಾವೆ ಕೇಳಿದ್ಯಲ್ಲ, ತಗೋ, ಗೋಡೆ ಮೇಲಿದೆ!"

ಸ್ಕಲ್ಲಿಯ ತೋಳು ಹಿಡಿದು ಎಳೆದಳು. ಅವನು ಕೊಸರಾಡಲಿಲ್ಲ, ಅಷ್ಟರಮಟ್ಟಿಗೆ ಮನುಷ್ಯ.

ಸಂತೆಯ ನಡುವೆ ಬರ್ರಾಹ್, ಅಂದರೆ ಊರಿಗೆ ಸುದ್ದಿ ಸಾರುವ ಬಸ್ಸೂ, ಪೆಟ್ಟಿಗೆಯ ಮೇಲೆ ನಿಂತು ಯಾರದೋ ಹೇಸರಗತ್ತೆ ಕಳೆದದ್ದನ್ನು ಸಾರುತ್ತಿದ್ದ. ಸ್ಕಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ತುಟಿ ಒರೆಸಿಕೊಂಡ. ಅಭ್ಯಾಸ ಬಿಡುತ್ತದೆಯೇ? "ಕೇಳ್ರಪ್ಪೋ! ಒಳ್ಳೇದನ್ನೇ ಕೇಳ್ತೀರಿ..." ಎಂದು ಶುರುಮಾಡಿದ.

"ಅದು ಬೇಡ!" ತೂದಾ ಕಿರುಚಿದಳು. "ಇವತ್ತು ಅದನ್ನ ಹೇಳ್ಬೇಡ!"

ಶುಭದ ಆ ಮಾತಿಲ್ಲದೆ ಬಸ್ಸೂ ಎಂದೂ ಸಾರಿದವನಲ್ಲ. ಆದರೂ ಗಂಟಲು ಬಿಚ್ಚಿದ. "ಕೇಳ್ರಪ್ಪೋ! ಇಗ್ರಾನ್ ಒರತೆ ನೀರಲ್ಲಿ ಪಾಷಾಣ ಇದೆ! ಕುಡೀಬೇಡಿ, ಅಡುಗೆಗೆ ಹಾಕ್ಬೇಡಿ! ಸರ್ಕಾರದ ಈ ಮನುಷ್ಯ ಇಲ್ಲೇ ನಿಂತು ಹೇಳ್ತಿದ್ದಾನೆ!"

ತಕ್ಕಡಿಗಳು ನಿಂತವು. ಚಹಾದಂಗಡಿಯವನು ಕೊಡವನ್ನು ಎತ್ತಿ ಮಣ್ಣಿಗೆ ಸುರಿದ. ಹಿಂದೆ ಅಧ್ಯಕ್ಷ ಫೋನಿನಲ್ಲಿ ಯಾರಿಗೋ, "ಎರಡು ಟ್ಯಾಂಕರ್, ಈಗಲೇ, ಈಗಲೇ" ಎಂದು ಬಡಬಡಿಸುತ್ತಿದ್ದ.

ಗುಂಪು ಸೀಳಿಕೊಂಡು ಇಜ್ಜಾ ಬಂದಳು. ಕೈಚೀಲದಲ್ಲಿ ಕಡಲೆಯಿತ್ತು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ನೇರ ಸ್ಕಲ್ಲಿಯ ಎದುರು ನಿಂತಳು.

"ಯಾವಾಗಿಂದ ಗೊತ್ತು?"

"ಎರಡು ವರ್ಷ..." ಅವನು ತಲೆ ತಗ್ಗಿಸಿದ. "ಕಂಪನಿಗಾದ್ರೆ ಎಂಟು ವರ್ಷದಿಂದ."

ಇಜ್ಜಾ ಅಳಲಿಲ್ಲ. "ಹಾಗಾದ್ರೆ ನಾನು ಈ ಊರಿಗೆ ಸೊಸೆಯಾಗಿ ಬರೋಕ್ಕೆ ಮುಂಚೇನೇ," ಎಂದಳು.

ತೂದಾ ಬಸ್ಸೂವಿನ ಕಡೆ ತಿರುಗಿದಳು.

"ಇನ್ನೆರಡು ಸಲ ಬಾಕಿ ಇದೆ. ಇವಳು ಹೇಳಿದ್ದನ್ನೂ ಸೇರಿಸಿ ಕೂಗು."