ಅವ್ವನ ಪಾಲಿನ ಕೆಂಪು ಬಾಳೆಹಣ್ಣು

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಈಚೆಗೆ ಒಂದು ಗಂಭೀರ ಘಟನೆ ನಡೆಯಿತು. ಗುರುಪ್ರಸಾದ ಮಾಸ್ತರರ ಮನೆಯಲ್ಲಿ ಬಾಳೆಹಣ್ಣು ಕೊಳೆತವು. ಆ ಮನೆಯ ಇತಿಹಾಸದಲ್ಲೇ ಇದು ಮೊದಲು.

ಮಾಸ್ತರರು ದಿನಾಲೂ ಬಸ್ಸಿನಲ್ಲಿ ಕಮಲಾಪುರದ ಶಾಲೆಗೆ ಹೋಗಿ ಬರುವವರು. ಶನಿವಾರ ಬರುವಾಗ ಅಲ್ಲಿಯ ಕೆಂಪು ಬಾಳೆಹಣ್ಣು ಎರಡು ಡಜನ್ ತರುವುದು ಹನ್ನೆರಡು ವರ್ಷದ ರೂಢಿ. ಅವ್ವ ಶಿವಕಾಂತಮ್ಮನ ತವರು ಕಮಲಾಪುರ. ಆ ಹಣ್ಣೆಂದರೆ ಅವಳಿಗೆ ಪ್ರಾಣ. ಅವ್ವ ತೀರಿಕೊಂಡು ಎರಡು ತಿಂಗಳಾಗಿತ್ತು; ಬಂದ ನೆಂಟರೆಲ್ಲ ಈಗಷ್ಟೇ ಊರಿಗೆ ಮರಳಿದ್ದರು. ಮನೆಯಲ್ಲಿ ಉಳಿದವರು ಮಾಸ್ತರರು, ಹೆಂಡತಿ ವಿದ್ಯಾವತಿ, ಮಗಳು. ಹಣ್ಣು ಮಾತ್ರ ಎರಡು ಡಜನ್ನೇ ಬರುತ್ತಿತ್ತು.

"ಅವ್ವ ಇದ್ದಾಗ ನಮ್ಮನ್ಯಾಗ ಒಂದು ಹಣ್ಣೂ ಕೆಡ್ತಿದ್ದಿಲ್ಲ," ಎಂದರು ಮಾಸ್ತರರು. "ಇಡೋದು ಗೊತ್ತಿರಬೇಕು."

"ನನ್ನ ಯಾಕ ನೋಡ್ತೀರಿ? ಬುಟ್ಟಿ ಅದೇ ಅದ, ಮೂಲೀನೂ ಅದೇ ಅದ," ಎಂದಳು ವಿದ್ಯಾವತಿ.

ಮಹಿಳಾ ಸಂಘದ ಸಭೆಗೆ ಕರೆಯಲು ಪಕ್ಕದ ಮನೆಯ ಹೀನಾ ಬಂದಿದ್ದಳು. ಮಧ್ಯಾಹ್ನ ಅವ್ವನ ಜೊತೆ ಕೂತು ಹರಟುತ್ತಿದ್ದವಳು ಅವಳೇ.

"ಅಣ್ಣಾ, ಅವಾಗೂ ಹಣ್ಣು ಉಳೀತಿದ್ವು," ಎಂದಳು. "ಅವ್ವಾರು ತಿಂತಿದ್ರು."

"ಏನು ತಿಂತಿದ್ದಳು?"

"ಕಪ್ಪಾದವು. ಚಲೋವು ನಿಮಗ, ಮೊಮ್ಮಗಳಿಗೆ. ಹಳೇವು ಮುಗಿದ ಮ್ಯಾಲ ಹೊಸಾವು ತಿಂತೀನಿ ಅಂತಿದ್ರು. ಅಷ್ಟರಾಗ ನಿಮ್ಮ ಶನಿವಾರ ಬರ್ತಿತ್ತು. ನಿನ್ನಿ ರೊಟ್ಟಿ, ರಾತ್ರಿ ಪಲ್ಯ, ಎಲ್ಲಾ ಹಂಗೇ."

ಮಾಸ್ತರರು ಬುಟ್ಟಿಯಿಂದ ಒಂದು ಕಪ್ಪು ಹಣ್ಣು ಕೈಗೆತ್ತಿಕೊಂಡರು.

"ಆಕಿಗಂತಲೇ ತರ್ತಿದ್ದೆ."

"ಅವರಿಗೂ ಗೊತ್ತಿತ್ತು. ಅದಕ್ಕೇ ಕಡಿಮಿ ತಾ ಅನ್ನಲಿಲ್ಲ."

ವಿದ್ಯಾವತಿ ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತು ತೊಳೆದಳು.

"ದಿನಾ ಕಮಲಾಪುರಕ್ಕ ಹೋಗ್ತೀರಿ," ಎಂದಳು ಹೀನಾ, ಮೆಲ್ಲಗೆ. "ಶನಿವಾರ ಒಂದೇ ದಿನ ಸಿಗ್ತಾವೇನ್ರಿ ಹಣ್ಣು? ಮುಂಜಾನಿ ಬುಟ್ಟಿ ನೋಡಿ ಹೋಗ್ರಿ. ಮುಗಿದಿದ್ರ ಅಷ್ಟೇ ತರ್ರಿ. ಉಳಿದದ್ದು ಕೆಡೂ ಮೊದಲ ಎಲ್ಲಾರೂ ಹಂಚಿ ತಿನ್ರಿ, ಒಬ್ಬರ ತಾಟಿಗೇ ಹಾಕಬ್ಯಾಡ್ರಿ."

ಸೋಮವಾರ ಮುಂಜಾನೆ ಮಾಸ್ತರರು ಬುಟ್ಟಿ ನೋಡಿಯೇ ಬಸ್ಸು ಹಿಡಿದರು.

ಅಕ್ಕಂದಿರೇ, ಅಣ್ಣಂದಿರೇ, ಬಜಾರಕ್ಕೆ ಹೊರಡುವ ಮುಂಚೆ ಮನೆಯಲ್ಲಿ ಏನಿದೆ ನೋಡಿ. ಬೇಕಾದಷ್ಟೇ ತನ್ನಿ, ಬೇಕಾದಷ್ಟೇ ಮಾಡಿ. ನಮ್ಮ ಮನೆಯಲ್ಲಿ ಏನೂ ಹಾಳಾಗುವುದಿಲ್ಲ ಎನ್ನುವವರು, ಎಲ್ಲರ ಊಟ ಮುಗಿದ ಮೇಲೆ ಕೂರುವವರ ತಾಟನ್ನು ಇವತ್ತು ಒಮ್ಮೆ ನೋಡಿ.

ಮಾಸ್ತರರು ಈಗ ಬುಟ್ಟಿ ಖಾಲಿಯಾದ ದಿನ ಮೂರು ಹಣ್ಣು ತರುತ್ತಾರೆ. ಮೂರೂ ಮುಗಿಯುತ್ತವೆ.