ಹಸೀನಾಳ ಮನೆಯ ಮೀನಡಿಗೆ

ಪುಣೆಗೆ ಮನೆ ಬದಲಿಸುತ್ತಿದ್ದ ದಾದರಿನ ಪಾರ್ಸಿ ಮುದುಕರೊಬ್ಬರ ಮನೆಯ ಗೋಡೆಗಳಿಗೆ ಅಲ್ಲಾವುದ್ದೀನ ಬಣ್ಣ ಹೊಡೆದಿದ್ದ. ಹೊರಡುವ ದಿನ ಅವರು ಅವನನ್ನು ಕರೆದು ತಮ್ಮ ಮೀನಿನ ತೊಟ್ಟಿಯನ್ನು ಕೊಟ್ಟುಬಿಟ್ಟರು. ಖಾಲಿ ತೊಟ್ಟಿಯನ್ನು ತಲೆಯ ಮೇಲೆ ಹೊತ್ತು, ನಾಲ್ಕು ಬಂಗಾರದ ಮೀನುಗಳಿದ್ದ ಹಾಲಿನ ಕ್ಯಾನನ್ನು ಕೈಯಲ್ಲಿ ಹಿಡಿದು ಅವನು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಭಾಂಡುಪ್‌ವರೆಗೆ ಬಂದ.

"ಇಡೀ ದಿನಾ ಒಬ್ಬಾಕಿನ ಇರ್ತಿ. ಜೋಡಿ ಆಗ್ತಾವ, ತಗೋ" ಎಂದ ಹೆಂಡತಿಗೆ.

ಹಸೀನಾ ತನ್ನೂರು ಇಂಡಿಯಿಂದ ಈ ಚಾಳಿಗೆ ಬಂದು ಹತ್ತು ತಿಂಗಳಾಗಿತ್ತು. ಮರಾಠಿ ನಾಲಿಗೆಗೆ ಹತ್ತಿರಲಿಲ್ಲ. ಪಕ್ಕದ ಖೋಲಿಯ ಚಂಪಾ ಕನ್ನಡದವಳೇ, ಮಲ್ಪೆಯ ಕಡೆಯವಳು. ಆದರೆ ಅವಳ ಮಾತಿನ ವೇಗಕ್ಕೂ ರಾಗಕ್ಕೂ ಹೆದರಿ ಹಸೀನಾ ಮೊದಲ ದಿನವೇ ತಲೆಯಾಡಿಸಿ ಒಳಗೆ ಬಂದುಬಿಟ್ಟಿದ್ದಳು. ಈಗ ಮಾತಾಡುವುದಕ್ಕೆ ಮೀನುಗಳಾದವು. ಎಲ್ಲಕ್ಕಿಂತ ದೊಡ್ಡದಾದ, ಸೆರಗಿನಂಥ ಬಾಲದ ಮೀನಿಗೆ ಬೇಗಂ ಎಂದು ಹೆಸರಿಟ್ಟಳು.

ತೊಟ್ಟಿಯ ಜೊತೆ ಬಂದಿದ್ದ ಒಣ ತಿಂಡಿಯ ಡಬ್ಬಿ ಏಪ್ರಿಲ್ ಕೊನೆಗೆ ಖಾಲಿಯಾಯಿತು. ಮೇ ತಿಂಗಳಲ್ಲಿ ರೈಲಿನವರ ಮುಷ್ಕರ ಶುರುವಾಯಿತು. ಲೋಕಲ್ಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಿಕ್ಕ ಲಾರಿ ಹತ್ತಿ ಕೆಲಸಕ್ಕೆ ಹೋಗಿಬರುವುದೇ ಸಾಹಸವಾಗಿದ್ದಾಗ, ಮೀನಿನ ತಿಂಡಿಗೆಂದು ದಾದರಿಗೆ ಹೋಗುವವರು ಯಾರು? ಹಸೀನಾ ಒಂದು ಪಾವ್ ಬ್ರೆಡ್ಡನ್ನು ಪುಡಿ ಮಾಡಿ ನೀರಿಗೆ ಹಾಕಿದಳು. ಮೀನುಗಳು ಗಬಗಬ ತಿಂದವು. ಖುಷಿಯಾಗಿ ಇನ್ನೊಂದು ಹಾಕಿದಳು.

ಮರುದಿನ ಬೆಳಿಗ್ಗೆ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಬೇಗಂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದಳು. ಹಸೀನಾ ಕಿರುಚಿದ್ದಕ್ಕೆ ಚಂಪಾ ಸೌಟು ಹಿಡಿದುಕೊಂಡೇ ಓಡಿಬಂದಳು.

"ಎಂತ ಆಯ್ತು ಮಾರಾಯ್ತಿ?"

"ಬೇಗಂ ಸತ್ಲು ಚಂಪಕ್ಕಾ! ನಾನ ಕೊಂದೆ!"

ಚಂಪಾ ಬೆರಳಿನಿಂದ ಮೀನನ್ನು ಮುಟ್ಟಿದಳು. ಕಿವಿರಿನ ಬಳಿಯ ರೆಕ್ಕೆ ಪಟಪಟ ಆಡಿತು. "ಸತ್ತಿಲ್ಲ. ಹೊಟ್ಟೆ ನೋಡು, ಲಡ್ಡಿನ ಹಾಗೆ ಉಬ್ಬಿದೆ. ಎಂತ ಹಾಕಿದ್ದು ನೀನು?"

"ಹಸದಿರ್ತಾವ ಅಂತ ಎರಡು ಪಾವ್ ಹಾಕೀನ್ರಿ."

"ಎರಡು ಪಾವಾ! ನಮ್ಮ ಯಜಮಾನರು ತಿನ್ನುವುದೂ ಎರಡೇ!"

ಅಳುತ್ತಿದ್ದ ಹಸೀನಾಳಿಗೆ ನಗು ಬಂದುಬಿಟ್ಟಿತು. ಚಂಪಾಳೂ ನಕ್ಕು ಸೌಟನ್ನು ಕೆಳಗಿಟ್ಟಳು. "ನಾನು ಮೀನು ಕೊಯ್ಯುವವಳು, ಮದ್ದು ಮಾಡುವವಳಲ್ಲ. ಆದ್ರೆ ಹೊಟ್ಟೆ ಕಟ್ಟಿದ ಮಗುವಿಗೆ ಎಂತ ಮಾಡ್ತೇವೆ, ಇದಕ್ಕೂ ಅದನ್ನೇ ಮಾಡುವ."

ಇಬ್ಬರೂ ಸೇರಿ ಅರ್ಧ ನೀರು ತೆಗೆದು, ಡ್ರಮ್ಮಿನಲ್ಲಿ ಹಿಂದಿನ ದಿನವೇ ತುಂಬಿಟ್ಟ ನೀರು ಹಾಕಿದರು. ಎರಡು ದಿನ ಪೂರ್ತಿ ಉಪವಾಸ. ಮೂರನೆಯ ದಿನ ನೆನೆಸಿದ ಬಟಾಣಿಯನ್ನು ಉಪ್ಪಿಲ್ಲದೆ ಮೆತ್ತಗೆ ಬೇಯಿಸಿ, ಸಿಪ್ಪೆ ಸುಲಿದು, ಚೂರು ಚೂರು ಮಾಡಿ ಹಾಕಿದರು. ಬೇಗಂ ಓರೆಯಾಗಿಯೇ ಈಜಿ ಬಂದು ಒಂದು ಚೂರು ನುಂಗಿದಳು, ಆಮೇಲೆ ಇನ್ನೊಂದು. ಸಂಜೆಯ ಹೊತ್ತಿಗೆ ಅವಳ ಹಿಂದೆ ಹಸಿರು ದಾರದಂಥದ್ದೊಂದು ತೂಗತೊಡಗಿತು.

"ಆಯ್ತು! ಆಯ್ತು!" ಎಂದು ಚಂಪಾ ಇಡೀ ಚಾಳಿಗೆ ಕೇಳುವಂತೆ ಕೂಗಿದಳು. ಏನಾಯಿತೆಂದು ನೋಡಲು ಐದಾರು ಹೆಂಗಸರು ಬಂದರು. ವಿಷಯ ತಿಳಿದು ಬಿದ್ದು ಬಿದ್ದು ನಕ್ಕರು. ಬೇಗಂ ಮಾತ್ರ ನೆಟ್ಟಗಾಗಿ ಯಾರನ್ನೂ ಲೆಕ್ಕಿಸದೆ ಈಜುತ್ತಿದ್ದಳು.

ಅಂದಿನಿಂದ ಹಸೀನಾ ಮೀನುಗಳಿಗೆ ದಿನಕ್ಕೊಂದು ಬಗೆ ಕೊಟ್ಟಳು. ಒಂದು ದಿನ ಬೇಯಿಸಿದ ಪಾಲಕಿನ ಎಲೆ, ಒಂದು ದಿನ ತೆಳ್ಳಗೆ ಹೆಚ್ಚಿದ ಸೌತೆಕಾಯಿ. ಇನ್ನೊಂದು ದಿನ ಚಂಪಾಳ ಡಬ್ಬಿಯ ಒಣ ಸಿಗಡಿ ತೊಳೆದು, ಉಪ್ಪು ಬಿಡಿಸಿ, ಕುಟ್ಟಿದ್ದು ಒಂದು ಚಿಟಿಕೆ. ಎಣ್ಣೆ, ಖಾರ ಏನೂ ಇಲ್ಲ. ಉಳಿದದ್ದನ್ನು ಕೂಡಲೇ ಚಹಾದ ಸೋಸಣಿಗೆಯಿಂದ ತೆಗೆದುಬಿಡುತ್ತಿದ್ದಳು.

"ನನಗ ದಿನಾ ಅದ ಬ್ಯಾಳಿ. ಅವಕ್ಕ ನೋಡು, ಬ್ಯಾರೆ ಬ್ಯಾರೆ ಅಡಗಿ!" ಎಂದು ಅಲ್ಲಾವುದ್ದೀನ ಗೊಣಗಿದ.

"ನೀವೂ ನೀರಾಗ ಇಳೀರಿ, ನಿಮಗೂ ಮಾಡಿ ಹಾಕ್ತೀನಿ" ಎಂದಳು ಹಸೀನಾ.

ಒಂದು ಬೆಳಿಗ್ಗೆ ತೊಟ್ಟಿಯ ನೀರಿಗೆ ಸೊಳ್ಳೆಯೊಂದು ಬಿತ್ತು. ಬೇಗಂ ಅದನ್ನು ಟಪ್ಪನೆ ಹಿಡಿದು ನುಂಗಿದಳು. ಹಸೀನಾಳಿಗೆ ಹಿತ್ತಿಲ ಡ್ರಮ್ಮಿನಲ್ಲಿ ಕುಣಿಯುವ ಸೊಳ್ಳೆಮರಿಗಳು ನೆನಪಾದವು. ಸೋಸಿ ತಂದು ತೊಟ್ಟಿಗೆ ಸುರಿದಳು. ನಾಲ್ಕೂ ಮೀನುಗಳು ಹುಚ್ಚೆದ್ದು ಓಡಾಡಿ ಒಂದನ್ನೂ ಬಿಡದೆ ತಿಂದವು. ಸುದ್ದಿ ಹರಡಿತು. "ಹಸೀನಾಬಾಯಿ, ಆಮಚ್ಯಾಕಡೆ ಪಣ ಯಾ!" ಎಂದು ಹೆಂಗಸರು ತಮ್ಮ ಮನೆಗೂ ಬಾ ಎಂದು ಕರೆಯತೊಡಗಿದರು. ಸೋಸಣಿಗೆ ಹಿಡಿದು ಖೋಲಿಯಿಂದ ಖೋಲಿಗೆ ಹೋಗುತ್ತ ಹಸೀನಾ ಬಾಗಿಲಿಗೆ ನಾಲ್ಕು ಮಾತಿನಂತೆ ಮರಾಠಿ ಕಲಿತಳು.

ಜೂನ್ ಮೊದಲ ವಾರ ಸೊಳ್ಳೆ ಪರೀಕ್ಷೆಯ ಇನ್‌ಸ್ಪೆಕ್ಟರ್ ಬಂದ. ಚಾಳಿನ ಇಪ್ಪತ್ತೆರಡು ಡ್ರಮ್ಮುಗಳಿಗೂ ಟಾರ್ಚು ಬಿಟ್ಟು ನೋಡಿದ. ಒಂದು ಮರಿಯೂ ಇಲ್ಲ. ಅವನಿಗೆ ಅನುಮಾನ ಬಂತು. "ಯಾವ ಔಷಧ ಹಾಕಿದ್ದೀರಿ?" ಎಂದು ಹಿಂದಿಯಲ್ಲಿ ಗದರಿದ. ಎಲ್ಲರೂ ಹಸೀನಾಳ ಕಡೆ ಕೈ ತೋರಿಸಿದರು.

"ದವಾ ನಹೀಂ ಸಾಬ್" ಎಂದಳು ಅವಳು ಮೆಲ್ಲಗೆ. "ಸಬ್ ಬೇಗಂ ಖಾ ಗಯೀ."

ಯಾವ ಬೇಗಂ ಸೊಳ್ಳೆಮರಿ ತಿನ್ನುತ್ತಾಳೆಂದು ಅವನು ಬಾಯಿ ತೆರೆದು ನಿಂತ. ಚಂಪಾ ಅವನನ್ನು ಒಳಗೆ ಕರೆದು ತೊಟ್ಟಿ ತೋರಿಸಿದ ಮೇಲೆ ಚಹಾ ಕುಡಿದು, ನಗುತ್ತಾ ಹೋದ.

ಮಳೆ ಹಿಡಿಯಿತು, ನೀರು ತಂಪಾಯಿತು. ಒಂದು ದಿನ ಮಿಕ್ಕ ಮೀನುಗಳು ಬೇಗಂಳನ್ನು ಮುಂಜಾನೆಯಿಂದ ಅಟ್ಟಾಡಿಸತೊಡಗಿದವು. ಜಗಳವೆಂದುಕೊಂಡು ಹಸೀನಾ ಚಂಪಾಳನ್ನು ಕರೆದಳು. ಚಂಪಾ ಬಗ್ಗಿ ನೋಡಿ, ಮೀನುಗಳ ಜೊತೆಗೇ ಬಂದು ತೊಟ್ಟಿಯಲ್ಲಿ ಬೆಳೆದಿದ್ದ ಜೊಂಡನ್ನು ತೋರಿಸಿದಳು. ಎಸಳಿಗೊಂದೊಂದು ಸಾಬೂದಾಣಿಯಂತೆ, ಅದಕ್ಕಿಂತ ಸಣ್ಣದಾಗಿ, ಮೊಟ್ಟೆಗಳು ಅಂಟಿದ್ದವು.

"ಬೇಗ ತೆಗಿ, ಇಲ್ಲದಿದ್ರೆ ಅಪ್ಪ ಅಮ್ಮನೇ ತಿಂದು ಮುಗಿಸ್ತಾರೆ!"

ತೊಟ್ಟಿಯ ನೀರನ್ನೇ ತುಂಬಿದ ಅಗಲ ಬೋಗುಣಿಗೆ ಜೊಂಡು ಸಾಗಿಸಿದರು. ನಾಲ್ಕನೆಯ ದಿನ ಬೋಗುಣಿಯ ಅಂಚಿನಲ್ಲಿ ಕಣ್ರೆಪ್ಪೆಯ ಕೂದಲಿನಂಥ ಜೀವಗಳು ಕಂಡವು. ಅವು ಈಜತೊಡಗಿದಾಗ ಚಂಪಾ ಕೈಚೆಲ್ಲಿದಳು. "ಇಷ್ಟು ಸಣ್ಣ ಬಾಯಿಗೆ ಎಂತ ಹಾಕುವುದು?"

ಈ ಸಲ ಉಪಾಯ ಹೊಳೆದದ್ದು ಹಸೀನಾಳಿಗೆ. ಮೊಟ್ಟೆ ಬೇಯಿಸಿ, ಅದರ ಹಳದಿಯನ್ನು ಬಟಾಣಿಕಾಳಿನಷ್ಟು ತೆಗೆದು, ಹಳೆಯ ಮಲ್‌ಮಲ್ ಓಢಣಿಯ ತುಂಡಿನಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿದಳು. ಹಳದಿ ಮೋಡ ಹರಡಿತು. ಮರಿಗಳು ಅದರೊಳಗೆ ನುಗ್ಗಿದವು. ಸ್ವಲ್ಪ ಹೊತ್ತಿನಲ್ಲೇ ಒಂದೊಂದರ ಹೊಟ್ಟೆಯೂ ಹಳದಿ ಚುಕ್ಕೆಯಾಗಿ ಹೊಳೆಯಿತು. ಹಸೀನಾ ಚಂಪಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಎರಡು ವಾರ ಅಲ್ಲಾವುದ್ದೀನನ ಡಬ್ಬಿಯಲ್ಲಿ ಬರೀ ಮೊಟ್ಟೆಯ ಬಿಳಿ ಇತ್ತು. ಜೊತೆಗಾರರು ಕೇಳಿದಾಗ, ಹಳದಿ ಮಕ್ಕಳಿಗೆ ಹೋಗುತ್ತದೆ ಎಂದ. ಯಾವಾಗ ಮಕ್ಕಳಾದವು ಎಂದು ಅವರು ಅವನ ಬೆನ್ನು ತಟ್ಟಿದರು. ಅವನು ಬಿಡಿಸಿ ಹೇಳಲು ಹೋಗಲಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ನಲವತ್ತೊಂದು ಮರಿಗಳು ಉಳಿದು, ಬೆರಳಿನ ಗೆಣ್ಣಿನಷ್ಟು ಬೆಳೆದಿದ್ದವು. ಕೆಲವಕ್ಕೆ ಬಣ್ಣವೂ ಏರಿತ್ತು. ಚಾಳಿನವರು ಮರಿ ಒಯ್ಯಲು ಬಾಟಲಿ, ಬೋಗುಣಿ, ಬಕೆಟ್ಟು ಹಿಡಿದು ಸಾಲುಗಟ್ಟಿದರು. ಒಂದು ಮಧ್ಯಾಹ್ನ ಹಸೀನಾ ಒಬ್ಬಳೇ ಮನೆಮನೆಗೆ ಹೋಗಿ, ಬಟಾಣಿ ಹೇಗೆ ಸುಲಿಯಬೇಕು, ಎಷ್ಟು ಹಾಕಬೇಕು ಎಂದು ತನ್ನ ಹರಕು ಮರಾಠಿಯಲ್ಲಿ ತಿಳಿಸಿಕೊಟ್ಟಳು. ಯಾರೂ ಬರಿಗೈಯಲ್ಲಿ ಕಳಿಸಲಿಲ್ಲ. ಒಂದು ಮನೆಯಲ್ಲಿ ಪೋಹೆ, ಮುಂದಿನದರಲ್ಲಿ ಮೋದಕ, ಮೇಲಿನ ಮಹಡಿಯಲ್ಲಿ ಸಾಬೂದಾಣಿ ವಡೆ, ಕೊನೆಗೆ ಚಂಪಾಳ ಮನೆಯ ನೀರುದೋಸೆ.

ಸಂಜೆ ಮನೆಗೆ ಬಂದ ಅಲ್ಲಾವುದ್ದೀನ, "ಅಡಗಿ ಏನ ಮಾಡೀದಿ?" ಎಂದು ಕೇಳಿದ.

ಹಸೀನಾ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. "ನನಗಂತೂ ಒಂದ ತುತ್ತೂ ಇಳಿಯಂಗಿಲ್ರೀ" ಎಂದು ನಗುತ್ತಾ, ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ನಾಲ್ಕು ಮೋದಕಗಳನ್ನು ಅವನ ಮುಂದಿಟ್ಟಳು.