ಬಲಕ್ಕೆ ಐವತ್ತು

ಎಡಗಿವಿಯಲ್ಲಿ ಏನೂ ಕೇಳಿಸಲಿಲ್ಲ. ಅವಳು ಹೆಡ್‌ಫೋನ್ ಕಳಚಿ ಎಡಗಡೆಯದನ್ನು ಬೆರಳಿನಿಂದ ತಟ್ಟಿದಳು, ವೈರನ್ನು ಬುಡದಲ್ಲಿ ಸ್ವಲ್ಪ ತಿರುಚಿದಳು, ಮತ್ತೆ ತಲೆಗೇರಿಸಿಕೊಂಡಳು. ಬಲಗಿವಿಯಲ್ಲಿ ಹಾಡು ಜೋರಾಗಿ ನಡೆದಿತ್ತು. ಎಡಗಿವಿಯನ್ನು ಮಾತ್ರ ಯಾರೋ ಅಂಗೈಯಿಂದ ಮುಚ್ಚಿ ಹಿಡಿದ ಹಾಗಿತ್ತು. ಹೆಡ್‌ಫೋನ್ ಅಣ್ಣನದು. ಅವನು ವಾಕಿಂಗ್ ಹೋಗಿದ್ದ. ನಾಲ್ಕೂವರೆಗೆ ಹೊರಟರೆ ಆರಕ್ಕೆ ಮೊದಲು ಮನೆ ಸೇರುವವನಲ್ಲ. ಅಷ್ಟರೊಳಗೆ ಅವಳು ಸ್ಟೀರಿಯೋ ಎಂದರೇನು ಎಂಬುದನ್ನು ಮೂರು ಸಾಲಿನಲ್ಲಿ ಬರೆದು ಮುಗಿಸಬೇಕಿತ್ತು.

ಅವಳ ಕೆಲಸವೇ ಅದು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನುಗಳ ಜೊತೆ ಡಬ್ಬಿಯೊಳಗೆ ಬರುವ ಕೈಪಿಡಿಗಳನ್ನು ಒಂದು ಸಣ್ಣ ಪ್ರೆಸ್ಸಿಗೆ ಬರೆದುಕೊಡುತ್ತಿದ್ದಳು. ಅವನ್ನು ಯಾರೂ ಓದುವುದಿಲ್ಲ ಎಂದು ಅವಳಿಗೂ ಗೊತ್ತು, ಪ್ರೆಸ್ಸಿನ ಯಜಮಾನರಿಗೂ ಗೊತ್ತು. ಈ ಸಲ ಒಂದು ಟಿವಿ ಕಂಪನಿಯವರು ಕೈಪಿಡಿಯ ಕೊನೆಯಲ್ಲಿ ಪದಗಳ ಪಟ್ಟಿ ಬೇಕು ಎಂದಿದ್ದರು. ಒಟ್ಟು ನಲವತ್ತು ಪದ. "ನೋಡಮ್ಮ, ನಮ್ಮಮ್ಮನಿಗೆ ಅರ್ಥ ಆಗೋ ಹಾಗೆ ಬರೀಬೇಕು," ಎಂದು ಯಜಮಾನರು ತಾಕೀತು ಮಾಡಿದ್ದರು. ಅವರಮ್ಮ ತೀರಿಕೊಂಡು ಹತ್ತು ವರ್ಷವಾಗಿತ್ತು. ಆದರೂ ಅವಳು ಆ ಕಾಣದ ಮುದುಕಿಯನ್ನು ಎದುರಿಗೆ ಕೂರಿಸಿಕೊಂಡೇ ಬರೆಯುತ್ತಿದ್ದಳು. 'ರೆಸಲ್ಯೂಷನ್: ಚಿತ್ರ ಎಷ್ಟು ಚುಕ್ಕೆಗಳಿಂದ ಆಗಿದೆ ಎಂಬ ಲೆಕ್ಕ. ಚುಕ್ಕೆ ಹೆಚ್ಚಿದಷ್ಟೂ ಮುಖದ ಸುಕ್ಕು ಸ್ಪಷ್ಟವಾಗಿ ಕಾಣುತ್ತದೆ.' ಯಜಮಾನರು ನಕ್ಕು, ಸುಕ್ಕು ಹೊಡೆದುಹಾಕಿ ಗೆರೆ ಎಂದು ತಿದ್ದಿದ್ದರು.

ಕಣ್ಣಾರೆ ಕಾಣದೆ, ಕಿವಿಯಾರೆ ಕೇಳದೆ ಒಂದು ಪದಕ್ಕೂ ಅರ್ಥ ಬರೆಯಬಾರದು ಎಂಬುದು ಅವಳ ಹಠ. ಹಾಗಾಗಿ ಅಣ್ಣ ಹೊರಗೆ ಹೋದಾಗಲೆಲ್ಲ ಅವನ ಟಿವಿಯ ಮುಂದೆ ಕಳ್ಳಿಯ ಹಾಗೆ ಕೂರುತ್ತಿದ್ದಳು. ಈಗ ರಿಮೋಟ್ ಹಿಡಿದು ಸೌಂಡ್ ಎಂಬಲ್ಲಿಗೆ ಹೋದಳು. ಬ್ಯಾಲೆನ್ಸ್ ಪಟ್ಟಿಯ ಪುಟ್ಟ ಚುಕ್ಕೆ ನಡುವೆ ಇರಬೇಕಾದದ್ದು ಬಲತುದಿಗೆ ಹೋಗಿ ಅಂಟಿಕೊಂಡಿತ್ತು. ಬಲಕ್ಕೆ ಐವತ್ತು. ಅದರಾಚೆ ಜಾಗವಿರಲಿಲ್ಲ. ಕೆಳಗೆ ಮೋನೋ ಎಂಬುದೂ ಆನ್ ಆಗಿತ್ತು. ಅಣ್ಣನ ದಪ್ಪ ಬೆರಳು ಎಲ್ಲೆಲ್ಲೋ ಒತ್ತಿರಬೇಕು ಎಂದುಕೊಂಡು ಅವಳು ಚುಕ್ಕೆಯನ್ನು ನಡುವಿಗೆ ತಂದಳು, ಮೋನೋ ಆಫ್ ಮಾಡಿದಳು.

ತಲೆಯೊಳಗೆ ಒಂದು ಕೋಣೆಯೇ ತೆರೆದುಕೊಂಡಿತು. ಎಡಗಡೆ ಕೊಳಲು, ಬಲಗಡೆ ತಬಲ, ನಡುವೆ ಹಾಡುವವಳು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಹಾಡು ಮುಗಿಯುವವರೆಗೂ ಪೆನ್ನು ಮುಟ್ಟಲಿಲ್ಲ. ಅಣ್ಣನಿಗೆ ಗೊತ್ತಾಗದ ಹಾಗೆ ಒಂದು ಉಪಕಾರ ಮಾಡಿದೆ ಅನ್ನಿಸಿತು. ಆ ಮನೆಯಲ್ಲಿ ಅವಳು ಅವನಿಗೆ ಮಾಡಿದ ಉಪಕಾರವೆಲ್ಲ ಹೀಗೆ ಗೊತ್ತಾಗದ ಹಾಗೆ ಮಾಡಿದ್ದೇ.

ಗಂಡನನ್ನು ಬಿಟ್ಟು ಒಂದು ಸೂಟ್‌ಕೇಸಿನ ಜೊತೆ ಅವಳು ಈ ಮನೆಯ ಬಾಗಿಲಿಗೆ ಬಂದು ಎರಡು ವರ್ಷವಾಗಿತ್ತು. ಮದುವೆಯೇ ಆಗದ ಅಣ್ಣ ಆಗಷ್ಟೇ ಬಸ್ ಡ್ರೈವರ್ ಕೆಲಸದಿಂದ ನಿವೃತ್ತನಾಗಿ ಒಬ್ಬನೇ ಇದ್ದ. ಅವನು ಬಾಗಿಲು ತೆಗೆದು ಸೂಟ್‌ಕೇಸಿಗೆ ಬಗ್ಗಿದಾಗ ಅವಳು ಅವನ ಪಕ್ಕದಲ್ಲಿ ನಿಂತು, ನಾಚಿಕೆಯಿಂದ ದನಿ ತಗ್ಗಿಸಿ, "ಅಣ್ಣಾ, ನಾನು ಇನ್ನು ಇಲ್ಲೇ ಇರಲಾ?" ಎಂದು ಕೇಳಿದ್ದಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸೂಟ್‌ಕೇಸ್ ಎತ್ತಿಕೊಂಡು, "ಒಳಕೋಣೆ ಫ್ಯಾನು ಸ್ವಲ್ಪ ಸದ್ದು ಮಾಡುತ್ತೆ," ಎಂದು ಒಳಗೆ ನಡೆದ. ಮತ್ತೊಮ್ಮೆ ಕೇಳುವುದಕ್ಕೆ ಅವಳಿಗೆ ಮುಖವಿರಲಿಲ್ಲ.

ಅದಾದ ವಾರಕ್ಕೆ ಅವನು ಈ ಹೆಡ್‌ಫೋನ್ ಕೊಂಡು ತಂದಿದ್ದ. ಅದರ ಉದ್ದನೆಯ ವೈರು ಟಿವಿಯಿಂದ ಅವನ ಕುರ್ಚಿಯವರೆಗೆ ಕೋಣೆಯ ಅಡ್ಡಕ್ಕೆ ಬಿದ್ದಿರುತ್ತಿತ್ತು. ಪ್ರತಿ ಸಂಜೆ ಅವಳು ಅದನ್ನು ದಾಟಿಕೊಂಡೇ ಅಡುಗೆಮನೆಗೆ ಹೋಗಬೇಕು. ಕುರ್ಚಿಯ ಬಲಕ್ಕೆ ಬೀದಿಬಾಗಿಲು, ಎಡಕ್ಕೆ ಅಡುಗೆಮನೆ ಮತ್ತು ಅವಳ ಸ್ಟೂಲು. ಸ್ಟೂಲಿನ ಮೇಲೆ ಕೂತು ಅವಳು ಮೊದಮೊದಲು ಪ್ರೆಸ್ಸಿನ ಸುದ್ದಿ ಹೇಳುತ್ತಿದ್ದಳು. ಹೆಡ್‌ಫೋನ್ ಇಲ್ಲದಾಗಲೂ ಅವನು ಅರ್ಧಕ್ಕರ್ಧ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಗೋಡೆಗೆ ಹೇಳಿದ ಹಾಗೆ. ಆಮೇಲೆ ಅವಳೂ ಬಾಯಿಗೆ ಬೀಗ ಹಾಕಿಕೊಂಡಳು. ಬಾಗಿಲಲ್ಲಿ ಕೇಳಿದ ಪ್ರಶ್ನೆಗೆ ಹೆಡ್‌ಫೋನೇ ಉತ್ತರ ಎಂದು ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು.

ಸಂಜೆ ಅಣ್ಣ ಬಂದು, ಚಪ್ಪಲಿ ಬಿಟ್ಟು, ಕೂತು ಹೆಡ್‌ಫೋನ್ ಹಾಕಿಕೊಂಡ. ಅವನ ಹುಬ್ಬು ಗಂಟಾಯಿತು. ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಅವಳು ಪಾತ್ರೆ ತೊಳೆಯುವವಳ ಹಾಗೆ ತಲೆ ತಗ್ಗಿಸಿದಳು. ಅವನು ರಿಮೋಟ್ ಹಿಡಿದು ಒಂದೆರಡು ನಿಮಿಷ ಏನೇನೋ ಒತ್ತಿ ಸುಮ್ಮನಾದ.

ಮರುದಿನ ನೋಡಿದರೆ ಚುಕ್ಕೆ ಮತ್ತೆ ಬಲತುದಿಯಲ್ಲಿತ್ತು. ಅವಳು ನಡುವಿಗೆ ತಂದಿಟ್ಟಳು. ಅದರ ಮರುದಿನ ಮತ್ತೆ ಬಲಕ್ಕೆ. ಮೂರನೆಯ ಸಲ ಅವಳಿಗೆ ಮೈ ಉರಿಯಿತು. ಕೆಟ್ಟದ್ದನ್ನು ಸರಿಮಾಡಿಟ್ಟರೂ ಸಹಿಸುವುದಿಲ್ಲವೆಂದರೆ, ತಾನು ಮುಟ್ಟಿದ್ದೇ ಅವನಿಗೆ ಆಗುವುದಿಲ್ಲ ಎಂದಲ್ಲವೇ? ಬಾಯಿಬಿಟ್ಟು ಒಂದು ಮಾತು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ತಿಂಗಳಿಂದ ಅವಳು ಪ್ರೆಸ್ಸಿನ ಹತ್ತಿರ ಒಂದು ಬಾಡಿಗೆ ಕೋಣೆ ನೋಡಿಟ್ಟಿದ್ದಳು. ಒಂದು ಕಿಟಕಿ, ಒಂದು ಮಂಚ, ಗೋಡೆಗೆ ಹೊಡೆದ ಮೂರು ಮೊಳೆ. ಆ ಮನೆಯೊಡತಿಗೆ ಫೋನ್ ಮಾಡಿ, "ಬಹುಶಃ ಬರ್ತೀನಿ," ಎಂದಳು.

"ಬಹುಶಃ ಗಿಹುಶಃ ಎಲ್ಲ ಬೇಡಮ್ಮ. ಇನ್ನಿಬ್ಬರು ಕೇಳ್ತಿದಾರೆ. ಶುಕ್ರವಾರ ಸಂಜೆ ನಾನೇ ಫೋನ್ ಮಾಡ್ತೀನಿ, ಆಗ ಖಚಿತವಾಗಿ ಹೇಳಿಬಿಡಿ," ಎಂದಳು ಮನೆಯೊಡತಿ.

ಶುಕ್ರವಾರ ಮಧ್ಯಾಹ್ನ ಪ್ರೆಸ್ಸಿನ ಫೋನಿನಲ್ಲಿ ಟಿವಿ ಕಂಪನಿಯ ಇಂಜಿನಿಯರಮ್ಮ ಸಿಕ್ಕಳು. ನೆಗಡಿಯಾದ ದನಿ, ಮಾತಿಗೊಮ್ಮೆ ಕೆಮ್ಮು. ಉಳಿದ ಪದಗಳ ಬಗ್ಗೆ ತನಗಿದ್ದ ಅನುಮಾನವೆಲ್ಲ ಮುಗಿದ ಮೇಲೆ ಅವಳು ಕೇಳಿದಳು: "ಮೋನೋ ಅಂತ ಒಂದಿದೆಯಲ್ಲ ಮೇಡಂ, ಎಡ ಬಲ ಎರಡನ್ನೂ ಕಲಸಿ ಒಂದೇ ಮಾಡೋದು. ಇಷ್ಟು ಚೆನ್ನಾಗಿರೋ ಸ್ಟೀರಿಯೋ ಬಿಟ್ಟು ಅದು ಯಾರಿಗೆ ಬೇಕು? ತೆಗೆದುಬಿಡಬಹುದಲ್ಲ?"

"ಅಯ್ಯೋ, ತೆಗೀಬೇಡಿ. ಒಂದು ಕಿವಿ ಕೇಳಿಸದೆ ಇರೋರಿಗೆ ಅದು ಬೇಕೇ ಬೇಕು. ಈಗ ಸಿನಿಮಾದಲ್ಲಿ ಎಡಗಡೆಯಿಂದ ಒಬ್ಬ ಮಾತಾಡ್ತಾನೆ ಅಂದ್ಕೊಳ್ಳಿ. ಎಡಗಿವಿ ಹೋಗಿರೋರಿಗೆ ಹೆಡ್‌ಫೋನಲ್ಲಿ ಅವನ ಮಾತೇ ಕೇಳಿಸಲ್ಲ. ಅದಕ್ಕೆ ಮೋನೋ ಹಾಕಿ, ಬ್ಯಾಲೆನ್ಸನ್ನ ಕೇಳೋ ಕಿವಿ ಕಡೆ ಪೂರ್ತಿ ತಳ್ಳಿಬಿಡ್ತಾರೆ. ಆಗ ಯಾವ ಮಾತೂ ತಪ್ಪಿಹೋಗಲ್ಲ." ಇಂಜಿನಿಯರಮ್ಮ ಕೆಮ್ಮಿದಳು. "ಮೇಡಂ? ಲೈನಲ್ಲಿದೀರಾ?"

"ಇದೀನಿ," ಎಂದಳು ಅವಳು. ಬರೆದುಕೊಳ್ಳಲು ತೆರೆದ ಪೆನ್ನು ಕಾಗದದ ಮೇಲೆ ಒಂದೇ ಕಡೆ ನಿಂತು ಮಸಿ ಬಿಡುತ್ತಿತ್ತು.

ಬೇಗ ಹೊರಟು ಮನೆಗೆ ನಡೆಯುವಾಗ ಅವಳಿಗೆ ಅಣ್ಣನ ಬಸ್ಸು ನೆನಪಾಯಿತು. ಕಾಲೇಜಿಗೆ ಅದರಲ್ಲೇ ಹೋಗುತ್ತಿದ್ದಳು. ಡ್ರೈವರ್ ಸೀಟಿನ ಎಡಕ್ಕೆ, ಮೊಳಕೈಗೆ ತಾಗುವಷ್ಟು ಹತ್ತಿರ, ತಗಡಿನ ಮುಚ್ಚಳದ ಕೆಳಗೆ ಇಂಜಿನ್ನು ಇತ್ತು. ಅದರ ಅಬ್ಬರಕ್ಕೆ ಮುಂದಿನ ಸೀಟಿನವರು ಮಾತೇ ಆಡುತ್ತಿರಲಿಲ್ಲ. ಅದರ ಪಕ್ಕದಲ್ಲಿ ಅಣ್ಣ ದಿನಕ್ಕೆ ಹತ್ತು ಗಂಟೆಯಂತೆ ಮೂವತ್ತೊಂದು ವರ್ಷ ಕೂತಿದ್ದ. ವರ್ಷಕ್ಕೊಮ್ಮೆ ಡಾಕ್ಟರ ಪರೀಕ್ಷೆ ಬಂದಾಗ ವಾರದ ಮುಂಚಿನಿಂದಲೇ ಮಂಕಾಗುತ್ತಿದ್ದ. ಕಿವಿ ಹೋಗಿದೆ ಎಂದು ತಿಳಿದರೆ ಸ್ಟಿಯರಿಂಗ್ ಬಿಡಿಸುತ್ತಿದ್ದರು. ಆಗ ಮುಚ್ಚಿಟ್ಟದ್ದು ಆಮೇಲೆ ಅಭ್ಯಾಸವೇ ಆಗಿಹೋಗಿರಬೇಕು.

ಅವಳ ಸ್ಟೂಲು ಇದ್ದದ್ದು ಎಡಕ್ಕೆ. ಊಟಕ್ಕೆ ಕೂರುತ್ತಿದ್ದದ್ದು ಎಡಕ್ಕೆ. ಸೂಟ್‌ಕೇಸಿಗೆ ಬಗ್ಗಿದ ಆ ದಿನ ಅವಳು ನಿಂತದ್ದು ಯಾವ ಕಡೆ? ನಡುಬೀದಿಯಲ್ಲಿ ನಿಂತು, ಬಾಗಿಲು, ಸೂಟ್‌ಕೇಸು, ಅಣ್ಣನ ಬೆನ್ನು ಒಂದೊಂದನ್ನೂ ನೆನಪಿನಲ್ಲಿ ಅದರದರ ಜಾಗದಲ್ಲಿ ಇಟ್ಟು ನೋಡಿದಳು. ಎಡಕ್ಕೇ. ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಒಂದು ಮಾತು ಹೇಳಬಾರದಿತ್ತೇ ಈ ಪುಣ್ಯಾತ್ಮ? ಎರಡು ವರ್ಷ ತಾನು ಅವನ ಕೆಟ್ಟ ಕಿವಿಗೆ ಮಾತಾಡಿ, ಅದು ಕೊಡದ ಉತ್ತರಕ್ಕೆ ಒಳಕೋಣೆಯಲ್ಲಿ ಕೂತು ಅತ್ತೆನಲ್ಲ!

ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಟಿವಿ ಹಚ್ಚಿ ಚುಕ್ಕೆಯನ್ನು ನೋಡಿದಳು. ಬೆಳಿಗ್ಗೆ ಹೋಗುವ ಮುಂಚೆ ತಾನೇ ನಡುವಿಗೆ ತಂದಿಟ್ಟದ್ದು. ಬಟನ್ನು ಒತ್ತಿ ಹಿಡಿದು ಅದನ್ನು ಬಲತುದಿಯವರೆಗೂ ಕರೆದೊಯ್ದಳು. ಮೋನೋ ಆನ್ ಮಾಡಿದಳು. ಆಮೇಲೆ ಸ್ಟೂಲನ್ನು ಎತ್ತಿ ಕುರ್ಚಿಯ ಬಲಕ್ಕೆ, ಬೀದಿಬಾಗಿಲ ಬದಿಗೆ ಇಟ್ಟಳು.

ಆರು ಗಂಟೆಗೆ ಬಾಗಿಲು ತಳ್ಳಿದ ಅಣ್ಣ ಸ್ಟೂಲಿಗೆ ಎಡವಿ ಸಾವರಿಸಿಕೊಂಡ.

"ಇದ್ಯಾಕೆ ಇಲ್ಲಿ? ದಾರಿಗಡ್ಡ."

"ಇರಲಿ ಬಿಡು. ಆ ಕಡೆ ಸೆಕೆ."

ಅವನು ನಂಬಿದನೋ ಇಲ್ಲವೋ. ಕುರ್ಚಿಯಲ್ಲಿ ಕೂತು ಟಿವಿ ಹಚ್ಚಿ ಹೆಡ್‌ಫೋನ್ ಹಾಕಿಕೊಂಡ. ಅಭ್ಯಾಸದಂತೆ ರಿಮೋಟಿನ ಕಡೆ ಹೋದ ಕೈ ಅರ್ಧದಲ್ಲೇ ನಿಂತಿತು. ಸ್ವಲ್ಪ ಹೊತ್ತು ಆಲಿಸಿದ. ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡ. ಅವಳ ಕಡೆ ಮಾತ್ರ ನೋಡಲಿಲ್ಲ.

ಕಿವಿಯ ವಿಷಯ ಎತ್ತಬಾರದು ಎಂದು ದಾರಿಯಲ್ಲೇ ನಿಶ್ಚಯಿಸಿದ್ದಳು. ಅವನು ಅಷ್ಟು ವರ್ಷ ಕಾಪಾಡಿಕೊಂಡದ್ದನ್ನು ಒಂದು ಸಂಜೆಗೆ ಬಯಲು ಮಾಡುವುದು ಬೇಡವಾಗಿತ್ತು. ದನಿಯನ್ನು ಆವತ್ತಿನಷ್ಟೇ ತಗ್ಗಿಸಿ ಕರೆದಳು.

"ಅಣ್ಣಾ."

"ಹೂಂ?"

"ನಾನು ಬಂದ ದಿನ, ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದ್ದೆ."

"ಏನ್ ಕೇಳಿದ್ದೆ?"

ಅಷ್ಟೇ. ಯಾವ ಅಳುಕೂ ಇಲ್ಲದೆ, ಚಹಾ ಆಯ್ತಾ ಎಂದು ಕೇಳುವ ದನಿಯಲ್ಲಿ ಅವನು ಕೇಳಿದ. ಅವಳು ಹೇಳಿದಳು: "ನಾನು ಇನ್ನು ಇಲ್ಲೇ ಇರಲಾ ಅಂತ."

ಅವನು ಈಗ ಅವಳ ಕಡೆ ತಿರುಗಿದ. ತಂಗಿಗೆ ತಲೆಗಿಲೆ ಕೆಟ್ಟಿದೆಯೋ ಎನ್ನುವ ಹಾಗೆ ಮುಖವನ್ನೇ ನೋಡಿದ.

"ಮತ್ತೆ ಈ ಎರಡು ವರ್ಷ ಎಲ್ಲಿದ್ದೆ?"

ಅವಳು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಇಬ್ಬರೂ ಟಿವಿಯನ್ನೇ ನೋಡುತ್ತ ಕೂತರು. ತೆರೆಯ ಮೇಲೆ ಜನ ತುಟಿ ಅಲುಗಿಸುತ್ತಿದ್ದರು. ಅವರ ಮಾತು ಅಣ್ಣನ ಮಡಿಲಲ್ಲಿ, ಹೆಡ್‌ಫೋನಿನೊಳಗೆ ಪಿಸುಗುಡುತ್ತಿತ್ತು.

"ಇದನ್ನ ಕಿತ್ತು ಹಾಕು ಅಣ್ಣ. ನಾನೂ ಕೇಳ್ತೀನಿ," ಎಂದಳು.

"ಜೋರಿರುತ್ತೆ. ನಿನ್ನ ಬರೆಯೋ ಕೆಲಸಕ್ಕೆ ತೊಂದರೆ ಅಂತಲೇ ಇದನ್ನ ತಂದಿದ್ದು."

"ಇರಲಿ, ಕೀಳು."

ಅವನು ಎದ್ದು ಹೋಗಿ ಟಿವಿಯ ಹಿಂದೆ ಕೈ ಹಾಕಿ ವೈರನ್ನು ಎಳೆದ. ಸದ್ದು ಕೋಣೆಗೆ ನುಗ್ಗಿತು. ಕಿಟಕಿಯ ಗಾಜು ಜಿರ್ ಅಂದಿತು, ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. ಅವನು ಕಸಿವಿಸಿಯಿಂದ ರಿಮೋಟಿಗೆ ಕೈ ಚಾಚಿದ. ಅವಳು ಅದನ್ನು ಎತ್ತಿ ತನ್ನ ಸ್ಟೂಲಿನ ಕೆಳಗಿಟ್ಟುಕೊಂಡಳು.

ಒಳಕೋಣೆಯ ಮೇಜಿನ ಮೇಲೆ ಅವಳ ಫೋನು ಮನೆಯೊಡತಿಯ ಹೆಸರು ತೋರಿಸುತ್ತ ಬೆಳಗಿತು. ನಡುಗುತ್ತ ನಡುಗುತ್ತ, ಅರ್ಧ ಬರೆದ ಪದಗಳ ಪಟ್ಟಿಯ ಅಂಚಿನವರೆಗೂ ಸರಿದು ನಿಂತಿತು. ಇಬ್ಬರಲ್ಲಿ ಯಾರಿಗೂ ಕೇಳಿಸಲಿಲ್ಲ.